ಟ್ರೈನಿಂಗ್ ಪಟ್ಟಿಯಲ್ಲಿ ಯಾರ ಹೆಸರಿಲ್ಲ?

"ಯಂಗ್ ಆ್ಯಂಡ್ ಎನರ್ಜೆಟಿಕ್ ಅಭ್ಯರ್ಥಿಗಳು ಬೇಕು." ಉದ್ಯೋಗ ಜಾಹೀರಾತಲ್ಲಿ ಈ ಸಾಲು ಎಷ್ಟು ಮಾಮೂಲಿ ಅಂದ್ರೆ, ಇದು ವಯಸ್ಸಿನ ತಾರತಮ್ಯ ಅಂತ ನಮಗೆ ಅನ್ನಿಸೋದೇ ಇಲ್ಲ.

ಆಫೀಸಿನೊಳಗೆ ಈ ತಾರತಮ್ಯ ಹರಡೋದು ಹೆಚ್ಚಾಗಿ ಕಾಳಜಿಯ ಮಾತಲ್ಲೇ. "ಈ ವಯಸ್ಸಲ್ಲಿ ಸರ್‌ಗೆ ಹೊಸ ಸಾಫ್ಟ್‌ವೇರ್ ಯಾಕೆ, ಪಾಪ" ಅಂತ ಟ್ರೈನಿಂಗ್ ಪಟ್ಟಿಯಿಂದ ಹೆಸರು ಕೈಬಿಡ್ತಾರೆ. ಮುಂದಿನ ಅಪ್ರೈಸಲ್‌ನಲ್ಲಿ ಅವರೇ ಬರೀತಾರೆ: "ಅಪ್‌ಡೇಟ್ ಆಗಿಲ್ಲ." ಕಲಿಯೋ ಅವಕಾಶ ತಪ್ಪಿಸಿ, ಕಲಿತಿಲ್ಲ ಅಂತ ದೂರೋದು ಶುದ್ಧ ಅನ್ಯಾಯ. ಪಕ್ಕದಲ್ಲಿ ಕೂತ ಕಿರಿಯರೂ ಇದನ್ನೇ ನೋಡಿ ಕಲೀತಾರೆ.

ಕಾನೂನು? ಅಮೆರಿಕದಲ್ಲಿ 40 ದಾಟಿದವರ ರಕ್ಷಣೆಗೆ 1967ರಲ್ಲೇ ಕಾಯ್ದೆ ಬಂತು. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಧರ್ಮ, ಜಾತಿ, ಲಿಂಗದಂಥ ಆಧಾರದ ತಾರತಮ್ಯ ತಡೆಯುತ್ತೆ; ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಖಾಸಗಿ ಕಂಪನಿಗಳಿಗಂತೂ ಇದಕ್ಕೆಂದೇ ಮಾಡಿದ ಕಾಯ್ದೆ ಇಲ್ಲ.

ಹಾಗಾಗಿ ಕೆಲಸ ಒಳಗಿಂದಲೇ ಶುರುವಾಗಬೇಕು. ಎಚ್‌ಆರ್‌ನವರೇ, ಮೊದಲ ಸುತ್ತಲ್ಲಿ ಹುಟ್ಟಿದ ದಿನಾಂಕ, ಡಿಗ್ರಿ ಮುಗಿಸಿದ ವರ್ಷ ಕೇಳಬೇಡಿ. ಹಿರಿಯ ಉದ್ಯೋಗಿಗಳೇ, ಟ್ರೈನಿಂಗ್‌ನಿಂದ ನಿಮ್ಮ ಹೆಸರು ಬಿಟ್ಟುಹೋಗಿದ್ರೆ, ಕಾರಣ ಏನು ಅಂತ ಇಮೇಲ್‌ನಲ್ಲೇ ಕೇಳಿ, ದಾಖಲೆ ಉಳಿಯುತ್ತೆ. ಸಹೋದ್ಯೋಗಿಗಳೇ, ಮೀಟಿಂಗಲ್ಲಿ ಯಾರಾದ್ರೂ "ಅಂಕಲ್‌ಗೆ ಇದೆಲ್ಲ ಗೊತ್ತಾಗಲ್ಲ" ಅಂದಾಗ ದಯವಿಟ್ಟು ನಗಬೇಡಿ. "ಅವರನ್ನೇ ಕೇಳೋಣ" ಅನ್ನಿ.