ನೌಕರಿ ಹುಡುಕಾಟ: ಐದು ತಪ್ಪು ಕಲ್ಪನೆ, ಐದು ಸತ್ಯ

ಅಫಜಲಪುರ ತಾಲ್ಲೂಕಿನ ಹವಳಗಾದಂಥ ಊರಿನಲ್ಲಿ ಡಿಗ್ರಿ, ಐಟಿಐ ಮುಗಿಸಿ ಅರ್ಜಿ ಹಾಕುತ್ತಿರುವ ಹುಡುಗ, ಹುಡುಗಿಯರಿಗೆ ಸಲಹೆಗೆ ಬರವಿಲ್ಲ. ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಕೇಳದಿದ್ದರೂ ಸಿಗುತ್ತದೆ. ಆಳಂದ, ಜೇವರ್ಗಿ ಕಡೆಯೂ ಇದೇ ಮಾತು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ನಂಬಿ ವರ್ಷಗಳನ್ನು ಕಳೆದುಕೊಳ್ಳುವವರು ನಮ್ಮ ಮಕ್ಕಳು. ಆದ್ದರಿಂದ ಒಂದೊಂದನ್ನೂ ಒರೆಗೆ ಹಚ್ಚಲೇಬೇಕು.

ಕಲ್ಪನೆ 1: “371ಜೆ ಅದ, ನಮ್ಮ ಹುಡುಗರಿಗೆ ನೌಕರಿ ಪಕ್ಕಾ.”

ಸತ್ಯ: ಸಂವಿಧಾನದ 371ಜೆ ವಿಧಿ ಕೊಡುವುದು ಮೀಸಲಾತಿ, ನೇಮಕಾತಿಯಲ್ಲ. 2013ರ ನವೆಂಬರ್‌ನಲ್ಲಿ ಹೊರಬಿದ್ದ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳ ಶೇ 75, ಸಿ ಹುದ್ದೆಗಳ ಶೇ 80, ಡಿ ಹುದ್ದೆಗಳ ಶೇ 85ರಷ್ಟು ಇಲ್ಲಿಯವರಿಗೆ ಮೀಸಲು. ಆದರೆ ಬೀದರ್‌ನಿಂದ ಬಳ್ಳಾರಿಯವರೆಗೆ ಏಳು ಜಿಲ್ಲೆಗಳ ಅಭ್ಯರ್ಥಿಗಳು ಆ ಹುದ್ದೆಗಳಿಗೆ ತಮ್ಮತಮ್ಮಲ್ಲೇ ಸ್ಪರ್ಧಿಸಬೇಕು. ಇನ್ನೊಂದು ಮಾತು: ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರಿಂದ ಪಡೆದಿರಬೇಕು. ಅದಿಲ್ಲದಿದ್ದರೆ ಹವಳಗಾದಲ್ಲೇ ಹುಟ್ಟಿ ಬೆಳೆದಿದ್ದರೂ ಈ ಮೀಸಲಾತಿಯ ಲಾಭವಿಲ್ಲ. ಶಾಲಾ ದಾಖಲೆಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು ಇದ್ದರೆ ಅದನ್ನು ಸರಿಪಡಿಸಲು ದಿನಗಳು ಹಿಡಿಯುತ್ತವೆ. ಅರ್ಜಿಯ ಕೊನೆಯ ವಾರದಲ್ಲಿ ಓಡಾಡುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳಿ.

ಕಲ್ಪನೆ 2: “ರೊಕ್ಕ ಕೊಡದ ನೌಕರಿ ಆಗಂಗಿಲ್ಲ.”

ಸತ್ಯ: ಅಕ್ರಮ ನಡೆದೇ ಇಲ್ಲ ಎಂದರೆ ಸುಳ್ಳಾಗುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಹಗರಣ ಬಯಲಾದದ್ದು ನಮ್ಮ ಕಲಬುರಗಿಯ ಒಂದು ಕೇಂದ್ರದಿಂದಲೇ. ಆದರೆ ಮುಂದೇನಾಯಿತು ನೋಡಿ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯೇ ರದ್ದಾಯಿತು. ಅಭ್ಯರ್ಥಿಗಳೂ ಬಂಧನಕ್ಕೊಳಗಾದರು. 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹಾಳಾದದ್ದು ದೊಡ್ಡ ಅನ್ಯಾಯ, ಅದನ್ನು ಮರೆಮಾಚಬಾರದು. ಆದರೂ ಮತ್ತೆ ಪರೀಕ್ಷೆಗೆ ಕೂರುವ ಹಕ್ಕು ಅವರಿಗೆ ಉಳಿದಿತ್ತು. ಹೊಲ ಮಾರಿ ದಲ್ಲಾಳಿಯ ಕೈಗೆ ಕೊಟ್ಟ ರೊಕ್ಕಕ್ಕೆ ರಸೀದಿ ಇರುವುದಿಲ್ಲ, ವಾಪಸ್ ಕೇಳಲು ಕಚೇರಿಯೂ ಇರುವುದಿಲ್ಲ.

ಕಲ್ಪನೆ 3: “ಕನ್ನಡ ಮೀಡಿಯಂನವರಿಗೆ ಸೆಂಟ್ರಲ್ ನೌಕರಿ ಎಲ್ಲಿಂದ?”

ಸತ್ಯ: ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್‌ನಂಥ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿ ಪರೀಕ್ಷೆ 2024ರಿಂದ ಹಿಂದಿ, ಇಂಗ್ಲಿಷ್ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಅವುಗಳಲ್ಲಿ ಕನ್ನಡವೂ ಒಂದು. ರೈಲ್ವೆ ನೇಮಕಾತಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿ ತುಂಬುವಾಗ ಭಾಷೆಯ ಆಯ್ಕೆಯನ್ನು ಆನ್‌ಲೈನ್ ಸೆಂಟರಿನವರಿಗೆ ಬಿಡಬೇಡಿ, ಪಕ್ಕದಲ್ಲಿ ಕುಳಿತು ನೀವೇ ನೋಡಿ.

ಕಲ್ಪನೆ 4: “ನೌಕರಿ ಅಂದ್ರ ಸರಕಾರಿದು. ಉಳಿದದ್ದೆಲ್ಲಾ ಕೂಲಿ.”

ಸತ್ಯ: ಹವಳಗಾದಲ್ಲೇ ರೇಣುಕಾ ಶುಗರ್ಸ್‌ನ ಸಕ್ಕರೆ ಕಾರ್ಖಾನೆ ಇದೆ. ಇಂಥ ಕಾರ್ಖಾನೆ ನಡೆಯಲು ಫಿಟ್ಟರ್, ಎಲೆಕ್ಟ್ರಿಷಿಯನ್, ಲ್ಯಾಬ್ ಕೆಮಿಸ್ಟ್ ಬೇಕು. ಬಾಯ್ಲರ್ ನಡೆಸುವವರು ಅದಕ್ಕೆಂದೇ ಇರುವ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಸಕ್ಕರೆ ತಂತ್ರಜ್ಞಾನದ ಕೋರ್ಸುಗಳೇ ಇವೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ಕಾನೂನು ಹೇಳುತ್ತದೆ. ಒಂದು ವರ್ಷ ಸ್ಟೈಪೆಂಡ್ ಪಡೆದು ಕಲಿತ ಕೆಲಸ ಮುಂದೆ ಸರಕಾರಿ ಅರ್ಜಿ ಹಾಕಲು ಅಡ್ಡಿಯಾಗುವುದಿಲ್ಲ. ಕೈಯಲ್ಲೊಂದು ಕಸುಬು ಇದೆಯೆಂಬ ಧೈರ್ಯ ಮಾತ್ರ ಉಳಿಯುತ್ತದೆ.

ಕಲ್ಪನೆ 5: “ಎಲ್ಲಾ ಬಿಟ್ಟು ಬರೇ ಓದ್ಕೋತ ಕುಂತ್ರೇ ಪಾಸಾಗೋದು.”

ಸತ್ಯ: ಖಾಲಿ ಸಮಯ ಹೆಚ್ಚಾದರೆ ಓದು ಹೆಚ್ಚಾಗುತ್ತದೆಂಬುದು ಬರೀ ಭಾವನೆ. ಆಸ್ಟ್ರಿಯಾದ ಮರಿಯಂಥಾಲ್ ಎಂಬ ಊರಿನ ಜವಳಿ ಕಾರ್ಖಾನೆ 1930ರ ಹೊತ್ತಿಗೆ ಮುಚ್ಚಿಹೋಗಿ ಊರಿಗೆ ಊರೇ ನಿರುದ್ಯೋಗಿಯಾಯಿತು. ಮರೀ ಯಹೋಡ ಮತ್ತು ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಜನರಿಗೆ ದಿನವಿಡೀ ಬಿಡುವಿದ್ದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಹೊತ್ತಿಗೆ ಒಂದು ಕಟ್ಟು, ಹೋಗಲು ಒಂದು ಜಾಗ, ಮಾತಿಗೆ ನಾಲ್ಕು ಜನ ಇಲ್ಲದಿದ್ದರೆ ಮನಸ್ಸು ಮುದುಡುತ್ತದೆ. ಹುಮ್ಮಸ್ಸು ಬಂದ ಮೇಲೆ ಓದುತ್ತೇನೆ ಎಂದು ಕಾಯಬೇಡಿ. ಬೆಳಿಗ್ಗೆ ಎರಡು ತಾಸು ಓದು, ಆಮೇಲೆ ಹೊಲವೋ ಅಂಗಡಿಯೋ ಟ್ಯೂಷನ್ನೋ, ಸಂಜೆ ಗೆಳೆಯರೊಡನೆ ಹಳೆಯ ಪ್ರಶ್ನೆಪತ್ರಿಕೆ. ಹೀಗೆ ಸಾಗಿದರೆ ಹುಮ್ಮಸ್ಸು ತಾನಾಗಿ ಹಿಂದೆ ಬರುತ್ತದೆ.

ಮನೆಯವರಿಗೂ ಒಂದು ವಿನಂತಿ. ಮಗಳು ಹತ್ತು ಅಂಕದಿಂದ ಹಿಂದೆ ಬಿದ್ದರೆ “ಅಕಿ ಹಣೇಬರಹ” ಎನ್ನಬೇಡಿ. ಯಾವ ವಿಷಯದಲ್ಲಿ ಅಂಕ ಹೋಯಿತೆಂದು ಕೇಳಿ. ಸಾವಿರಾರು ಜನ ಬರೆದು ಕೆಲವೇ ನೂರು ಮಂದಿ ಆಯ್ಕೆಯಾಗುವ ಕಡೆ, ಆಯ್ಕೆಯಾಗದವರೆಲ್ಲ ದಡ್ಡರಲ್ಲ. ನೌಕರಿ ಹುಡುಕುವುದೂ ಒಂದು ದುಡಿಮೆ. ದುಡಿಯುವವರಿಗೆ ಕೊಡುವ ಮರ್ಯಾದೆಯನ್ನು ಹುಡುಕುತ್ತಿರುವವರಿಗೂ ಕೊಡೋಣ.