ಸಿಡಿಯದೆ ಉಳಿದ ಕುಳಿ: ಗಣಿಗಳ ಸ್ಫೋಟಕ ನಿಯಮಗಳ ಚಾರಿತ್ರಿಕ ಹಿನ್ನೆಲೆ

ಕಾಯಿದೆಯ ಪುಸ್ತಕಗಳನ್ನು ಚರಿತ್ರೆಯ ಆಕರಗಳೆಂದು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಶಿಲಾಶಾಸನದ ಕೊನೆಯಲ್ಲಿ ಬರುವ ಶಾಪಾಶಯವನ್ನು ಓದಿ, ಆ ಕಾಲದ ಜನ ಯಾವ ತಪ್ಪಿಗೆ ಅಂಜುತ್ತಿದ್ದರೆಂದು ಊಹಿಸುವ ನಾವು ಗಣಿಯ ನಿಯಮಾವಳಿಗಳನ್ನು ಮಾತ್ರ ಎಂಜಿನಿಯರುಗಳ ಪಾಲಿಗೆ ಬಿಟ್ಟಿದ್ದೇವೆ. ಒಂದು ಕೆಲಸವನ್ನು ಮಾಡಕೂಡದೆಂದು ವಿಧಿಯಿದ್ದರೆ ಅದನ್ನು ಯಾರೋ ಮಾಡುತ್ತಿದ್ದರೆಂದೂ, ಅದರಿಂದ ಯಾರಿಗೋ ಹಾನಿಯಾಗಿತ್ತೆಂದೂ ತಿಳಿಯಬೇಕು. ಸಿಡಿಮದ್ದಿನ ಬಳಕೆಯನ್ನು ಕುರಿತ ನಿಯಮಗಳಲ್ಲಿ ಕೆಲವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮದ್ದು ಜಡಿಯುವ ಕೋಲಿನಿಂದ ಪ್ರಾರಂಭಿಸೋಣ. ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಮೇಲೆ ಮಣ್ಣು ಹಾಕಿ ಗಟ್ಟಿಯಾಗಿ ಜಡಿದರೆ ಮಾತ್ರ ಸ್ಫೋಟದ ಬಲ ಬಂಡೆಯನ್ನು ಸೀಳುತ್ತದೆ. ಇಲ್ಲವಾದರೆ ಕುಳಿಯ ಬಾಯಿಂದ ಹೊರಕ್ಕೆ ಹಾರಿಹೋಗುತ್ತದೆ. ಈ ಕೆಲಸಕ್ಕೆ ಬಹುಕಾಲ ಕಬ್ಬಿಣದ ಕೋಲನ್ನೇ ಬಳಸುತ್ತಿದ್ದರು. ಕಬ್ಬಿಣ ಕಲ್ಲಿಗೆ ತಗುಲಿದರೆ ಕಿಡಿ ಹಾರುತ್ತದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ, ರೈಲುಮಾರ್ಗದ ಕೆಲಸದ ಮೇಸ್ತ್ರಿಯಾಗಿದ್ದ ಫಿನಿಯಸ್ ಗೇಜ್ ಎಂಬಾತನ ತಲೆಯನ್ನು ಅಂಥದೇ ಕೋಲೊಂದು ತೂರಿಕೊಂಡು ಹೋಯಿತು. ಅದರ ಉದ್ದ ಒಂದು ಮೀಟರಿಗಿಂತ ಹೆಚ್ಚು, ತೂಕ ಸುಮಾರು 6 ಕಿಲೋಗ್ರಾಂ. ಆತ ಆಶ್ಚರ್ಯಕರವಾಗಿ ಬದುಕಿಕೊಂಡು 1860ರವರೆಗೆ ಜೀವಿಸಿದ್ದನು. ವೈದ್ಯಶಾಸ್ತ್ರದ ಗ್ರಂಥಗಳು ಅವನ ಮಿದುಳನ್ನು ಕುರಿತು ಬರೆದಷ್ಟನ್ನು ಆ ಕೋಲನ್ನು ಕುರಿತು ಬರೆದಿಲ್ಲ! ಕೋಲಿನ ವಿಚಾರಕ್ಕೆ ಕಾಯಿದೆಯೇ ಬರಬೇಕಾಯಿತು. 1872ರ ಬ್ರಿಟಿಷ್ ಕಲ್ಲಿದ್ದಲು ಗಣಿಗಳ ಕಾಯಿದೆಯು ಕಬ್ಬಿಣದ ಅಥವಾ ಉಕ್ಕಿನ ಕೋಲು, ಸೂಜಿಗಳ ಬಳಕೆಯನ್ನು ನಿಷೇಧಿಸಿತು. ಸಿಡಿಯದೆ ಉಳಿದ ಮದ್ದನ್ನು ಕೆದಕಿ ತೆಗೆಯಬಾರದೆಂದೂ ವಿಧಿಸಿತು.

ಬತ್ತಿಯ ಚರಿತ್ರೆ ಇದಕ್ಕಿಂತ ಸ್ವಾರಸ್ಯವಾದುದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರ, ತಾಮ್ರದ ಗಣಿಗಳಲ್ಲಿ ಹೆಬ್ಬಾತಿನ ಗರಿಯ ಕೊಳವೆಯಲ್ಲಿಯೋ ಹುಲ್ಲಿನ ಕಡ್ಡಿಯಲ್ಲಿಯೋ ಮದ್ದಿನ ಪುಡಿ ತುಂಬಿ ಕಿಚ್ಚು ಹಚ್ಚುತ್ತಿದ್ದರು. ಅದು ಎಷ್ಟು ಹೊತ್ತಿಗೆ ಒಳಗಿನ ಮದ್ದನ್ನು ಮುಟ್ಟುವುದೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಟಕಿಂಗ್‌ಮಿಲ್ ಎಂಬ ಊರಿನ ಚರ್ಮದ ವ್ಯಾಪಾರಿ ವಿಲಿಯಂ ಬಿಕ್‌ಫರ್ಡ್, ಹಗ್ಗ ಹೊಸೆಯುವ ಕ್ರಮವನ್ನು ಅನುಸರಿಸಿ, ನೂಲಿನ ನಡುವೆ ಮದ್ದನ್ನಿಟ್ಟು ಸುತ್ತಿದ ಬತ್ತಿಯನ್ನು 1831ರಲ್ಲಿ ರೂಪಿಸಿದನು. ಅದು ಅಡಿಗೆ ಸುಮಾರು 30 ಸೆಕೆಂಡಿನಂತೆ ಒಂದೇ ವೇಗದಲ್ಲಿ ಉರಿಯುತ್ತಿತ್ತು. ಗಣಿಗಾರನಿಗೆ ಓಡಿಹೋಗಲು ಎಷ್ಟು ಕಾಲವಿದೆಯೆಂಬ ಲೆಕ್ಕ ದೊರೆತದ್ದು ಇದರಿಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ಕಾರ್ನ್‌ವಾಲಿನ ಗಣಿಗಾರರು ಅಲ್ಲಿಗೆ ಬಂದರು. ಅವರೊಡನೆ ಅವರ ಕಸಬಿನ ಪದ್ಧತಿಗಳೂ ಬಂದವು.

ಬತ್ತಿ ಸುಧಾರಿಸಿದರೂ ಸಿಡಿಯದ ಕುಳಿಯ ಭಯ ಹೋಗಲಿಲ್ಲ. ಈ ವಿಷಯದಲ್ಲಿ ನಮ್ಮ ದೇಶದ 1961ರ ಲೋಹಗಣಿ ನಿಯಮಾವಳಿಯ ವಿಧಿಗಳು ಗಮನಾರ್ಹವಾಗಿವೆ. ಹಚ್ಚಿದ ಕುಳಿಗಳು ಎಷ್ಟು, ಕೇಳಿಸಿದ ಸದ್ದುಗಳು ಎಷ್ಟು ಎಂಬುದನ್ನು ಮದ್ದು ಹಾರಿಸುವ ಬ್ಲಾಸ್ಟರ್ ಎಣಿಸಿಕೊಳ್ಳಬೇಕು. ಸದ್ದು ಕಡಿಮೆಯಾದರೆ 30 ನಿಮಿಷದವರೆಗೆ ತಾನೂ ಹೋಗಬಾರದು, ಬೇರೆಯವರನ್ನೂ ಬಿಡಬಾರದು. ವಿದ್ಯುತ್ತಿನಿಂದ ಸಿಡಿಸಿದ ಪಕ್ಷದಲ್ಲಿ, ತಂತಿಯ ಸಂಪರ್ಕವನ್ನು ಕಡಿದ ಮೇಲೆ 5 ನಿಮಿಷ ಸಾಕು. ಆರು ಅಡಿಯ ಬತ್ತಿ ಮೂರು ನಿಮಿಷದಲ್ಲಿ ಉರಿದು ಮುಗಿಯುವುದಾದರೆ ಅರ್ಧ ಗಂಟೆ ಏಕೆ? ತೇವ ತಾಗಿದ ಅಥವಾ ನಜ್ಜಾದ ಬತ್ತಿಯ ಕಿಚ್ಚು ಆರಿದಂತೆ ಕಂಡರೂ ಒಳಗೊಳಗೇ ಹೊಗೆಯಾಡುತ್ತಿದ್ದು, ಬಹಳ ಹೊತ್ತಿನ ಬಳಿಕ ಮದ್ದನ್ನು ಮುಟ್ಟುವುದುಂಟು. ನೋಡಲು ಹೋದವನು ಆ ಹೊತ್ತಿಗೆ ಕುಳಿಯ ಎದುರಿನಲ್ಲಿಯೇ ನಿಂತಿರುತ್ತಾನೆ.

ಆಮೇಲೂ ಆ ಕುಳಿಯನ್ನು ಕೆದಕುವಂತಿಲ್ಲ. ಸಾಮಾನ್ಯವಾಗಿ ಕನಿಷ್ಠ 30 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕುಳಿ ಕೊರೆದು ಸಿಡಿಸಬೇಕು. ಪಾಳಿ ಮುಗಿಯುವುದರೊಳಗೆ ಇದು ಆಗದಿದ್ದರೆ, ಮುಂದಿನ ಪಾಳಿಯವನಿಗೆ ಆ ಸಂಗತಿಯನ್ನು ತಿಳಿಸಿ ಪುಸ್ತಕದಲ್ಲಿ ಬರೆದಿಡಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ನಿಯಮಾವಳಿಯ ತಿರುಳು ಈ ಕೊನೆಯ ವಿಧಿಯಲ್ಲಿದೆ. ಬಂಡೆಯೊಳಗೆ ಉಳಿದ ಮದ್ದು ಹೊರಗೆ ಕಾಣುವುದಿಲ್ಲ. ಅದು ಇದೆಯೆಂಬ ತಿಳಿವಳಿಕೆ ಒಬ್ಬ ಮನುಷ್ಯನ ನೆನಪಿನಲ್ಲಿ ಮಾತ್ರ ಇರುತ್ತದೆ. ಅವನು ಹೇಳದೆ ಮನೆಗೆ ಹೋದರೆ, ಮರುದಿನ ಅಲ್ಲಿ ಕೊರೆಯುವವನು ಮತ್ತೊಬ್ಬ. ವಸಾಹತು ಕಾಲದ ಗಣಿ ಆಡಳಿತದವರು ಅಪಘಾತಗಳಿಗೆ ಕೂಲಿಯ ಅಜಾಗರೂಕತೆಯನ್ನು ಕಾರಣವಾಗಿ ಹೇಳುತ್ತಿದ್ದುದುಂಟು. ಆದರೆ ಕೊರೆಯುವವನಿಗೆ ತಿಳಿಸಬೇಕಾಗಿದ್ದ ವಿಷಯವನ್ನು ತಿಳಿಸಿದ್ದರೇ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ್ದರೇ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ. ಕೋಲಾರದ ಆಡಳಿತ ನಡೆದದ್ದು ಇಂಗ್ಲಿಷಿನಲ್ಲಿ. ಕೆಳಗೆ ಇಳಿದವರಲ್ಲಿ ಬಹುಮಂದಿಯ ಮಾತು ತಮಿಳು, ತೆಲುಗು, ಕನ್ನಡ.

ಸಾಗಣೆ, ದಾಸ್ತಾನುಗಳ ನಿಯಮಗಳ ಹುಟ್ಟೂ ಇಂಥದೇ. 1874ರ ಅಕ್ಟೋಬರ್ 2ರಂದು ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಬಳಿಯ ಕಾಲುವೆಯಲ್ಲಿ ಮದ್ದನ್ನೂ ಪೆಟ್ರೋಲಿಯಮ್ಮನ್ನೂ ಒಟ್ಟಿಗೆ ಹೇರಿದ್ದ ದೋಣಿಯೊಂದು ಸಿಡಿಯಿತು. ಮರುವರ್ಷವೇ ಬ್ರಿಟನ್ನಿನ ಸ್ಫೋಟಕ ಕಾಯಿದೆ ಬಂದಿತು. ಭಾರತದ ಕಾಯಿದೆ 1884ರದು. ಆದರೂ 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಸಿಡಿದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಸ್ಫೋಟಕಗಳ ಜೊತೆಗೆ ಹತ್ತಿಯ ಮೂಟೆಗಳಿದ್ದವು. ಯುದ್ಧದ ಅವಸರದಲ್ಲಿ ನಿಯಮ ಸಡಿಲವಾಗಿತ್ತು. ಗಣಿಯಲ್ಲಿಯೂ ಇದೇ ತತ್ತ್ವ: ಒಂದು ಪೆಟ್ಟಿಗೆಯಲ್ಲಿ 5 ಕಿಲೋಗ್ರಾಂಗಿಂತ ಹೆಚ್ಚು ಮದ್ದು ಇರಕೂಡದು, ಡಿಟೋನೇಟರುಗಳು ಅದರೊಡನೆ ಇರಲೇಕೂಡದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನ ಕಲ್ಲುಗಣಿ ಪ್ರದೇಶದಲ್ಲಿ ಸ್ಫೋಟಕ ತುಂಬಿದ್ದ ವಾಹನ ಸಿಡಿದು ಕನಿಷ್ಠ ಐವರು ಸತ್ತರು. ನೆರೆಯ ಜಿಲ್ಲೆಗಳ ಜನ ಅದನ್ನು ಭೂಕಂಪವೆಂದು ಭ್ರಮಿಸಿದರು. ಒಂದು ತಿಂಗಳ ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮಡಿದರು. ಈ ಹೊತ್ತಿಗೆ 2008ರ ಸ್ಫೋಟಕ ನಿಯಮಾವಳಿ ಜಾರಿಯಲ್ಲಿತ್ತು. ಮೇಲೆ ಹೇಳಿದ ವಿಧಿಗಳು ಅಚ್ಚಾಗಿ ಅರುವತ್ತು ವರ್ಷ ತುಂಬುತ್ತಿತ್ತು. ಪರವಾನಗಿಯಿಲ್ಲದ ಕ್ವಾರಿಯಲ್ಲಿ ಬ್ಲಾಸ್ಟರನ ಪುಸ್ತಕವಿರುವುದಿಲ್ಲ. ಮುಂದಿನ ಪಾಳಿಯವನಿಗೆ ಹೇಳಬೇಕಾದವನು ಯಾರೆಂಬುದೂ ಅಲ್ಲಿ ಗೊತ್ತಾಗಿರುವುದಿಲ್ಲ.

ಗಣಿಯಲ್ಲಿ ನಡೆದ ಅಪಘಾತಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು 1952ರ ಗಣಿ ಕಾಯಿದೆ ವಿಧಿಸಿತ್ತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ದುಡಿದವರಲ್ಲಿ ಹಲವರು ಇನ್ನೂ ಆ ಊರಿನಲ್ಲಿಯೇ ಇದ್ದಾರೆ. ಅಪಘಾತದ ಪುಸ್ತಕಗಳ ಪಟ್ಟಿಯನ್ನು ತಯಾರಿಸುವುದನ್ನೂ, ಮದ್ದಿನ ಕೆಲಸ ಮಾಡಿದವರ ಹೇಳಿಕೆಗಳನ್ನು ಅವರವರ ಭಾಷೆಯಲ್ಲಿ ಬರೆದುಕೊಳ್ಳುವುದನ್ನೂ ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಎರಡನೆಯ ಕೆಲಸಕ್ಕೆ ಕಾಲ ಹೆಚ್ಚಿಲ್ಲ.