ನಾಲ್ಕು ಅಂಚೆ ಕಾರ್ಡುಗಳ ಮೇಲೆ ಸಂಸಾರ

ಈ ಕಾಲದ ಕಾರಿನಲ್ಲಿ ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸಗಳು ಯಾವುವು? ಕೈ ಹಾಕಬಾರದ ಜಾಗಗಳು ಯಾವುವು? ಎರಡನ್ನೂ ಬಲ್ಲ ಮನೆಯಲ್ಲಿ ಖರ್ಚೂ ಕಡಿಮೆ, ಆತಂಕವೂ ಕಡಿಮೆ.

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳ ಮುಂದೆ ನಸುಕಿನಲ್ಲೇ ಕಾರು ಸಿದ್ಧವಾಗಿ ನಿಲ್ಲುತ್ತದೆ. ಡಿಕ್ಕಿಯ ತುಂಬ ಚೀಲಗಳು, ಹಿಂದಿನ ಸೀಟಿನಲ್ಲಿ ಅಜ್ಜಿ ಮತ್ತು ಇಬ್ಬರು ಮಕ್ಕಳು, ಮುಂದೆ ಚಕ್ಕುಲಿ ಡಬ್ಬಿ ಹಿಡಿದ ಅಮ್ಮ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪ್ರಯಾಣ. ಹೊರಡುವ ಮುನ್ನ ಅಪ್ಪ ಮಾಡುವ ಸಿದ್ಧತೆಯಾದರೂ ಏನು? ಗಾಜು ಒರೆಸುವುದು, ಪೆಟ್ರೋಲ್ ತುಂಬಿಸುವುದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು. ಬಾನೆಟ್ ಎತ್ತಿ ನೋಡುವವರು ಅಪರೂಪ. ಕೇಳಿದರೆ ‘ಮೊನ್ನೆ ತಾನೇ ಸರ್ವೀಸ್ ಆಗಿದೆ’ ಎಂಬ ಉತ್ತರ ಬರುತ್ತದೆ. ಆ ‘ಮೊನ್ನೆ’ ಆರು ತಿಂಗಳ ಹಿಂದಿನದು!

ನಿಂಬೆಹಣ್ಣು ಇಡಲು ಚಕ್ರದ ಬಳಿ ಹೇಗೂ ಬಗ್ಗಬೇಕು. ಬಗ್ಗಿದಾಗ ಟೈರನ್ನೂ ಒಮ್ಮೆ ನೋಡಬಾರದೇಕೆ?

ಇಲ್ಲೊಂದು ಸಣ್ಣ ಲೆಕ್ಕವಿದೆ. ಹೈಸ್ಕೂಲು ಮಕ್ಕಳೂ ಮಾಡಬಹುದು. ಐದು ಜನ ಮತ್ತು ಸಾಮಾನು ಸೇರಿ ಒಂದು ಸಣ್ಣ ಕಾರಿನ ತೂಕ 1,200 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಚಕ್ರದ ಪಾಲಿಗೆ ಸುಮಾರು 300 ಕಿಲೋ. ಟೈರಿನಲ್ಲಿರುವ ಗಾಳಿಯ ಒತ್ತಡ 32 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಮುನ್ನೂರನ್ನು 2.25ರಿಂದ ಭಾಗಿಸಿದರೆ ಸಿಗುವುದು 133 ಚದರ ಸೆಂಟಿಮೀಟರ್. ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಇಷ್ಟೇ. ನಮ್ಮ ಅಂಚೆ ಕಾರ್ಡಿನ ಅಳತೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ವಿಸ್ತೀರ್ಣ 126 ಚದರ ಸೆಂಟಿಮೀಟರ್. ಅಂದರೆ ಇಡೀ ಸಂಸಾರ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವುದು ನಾಲ್ಕು ಅಂಚೆ ಕಾರ್ಡುಗಳಷ್ಟು ರಬ್ಬರಿನ ಮೇಲೆ! ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಜಾರದೆ ನಿಲ್ಲುವುದು, ಮಳೆ ನೀರನ್ನು ಸೀಳಿಕೊಂಡು ಹೋಗುವುದು ಎಲ್ಲವೂ ಅಷ್ಟರಲ್ಲೇ ನಡೆಯಬೇಕು.

ಅಂದಿನ ಕಾರು, ಇಂದಿನ ಕಾರು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರು ಇಟ್ಟುಕೊಂಡವರು ಅರ್ಧ ಮೆಕ್ಯಾನಿಕ್ ಆಗಿರಲೇಬೇಕಿತ್ತು. ಕಾರ್ಬ್ಯುರೇಟರಿನಲ್ಲಿ ಕಸ ಸೇರಿದರೆ ಬಿಚ್ಚಿ ಊದುವುದು, ಸ್ಪಾರ್ಕ್ ಪ್ಲಗ್ಗನ್ನು ಉಜ್ಜುವ ಕಾಗದದಿಂದ ತಿಕ್ಕುವುದು ಇವೆಲ್ಲ ಮನೆಯಂಗಳದ ಕೆಲಸಗಳು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಮೊದಲ ವರ್ಷಗಳಲ್ಲಿ ಕಾರ್ಬ್ಯುರೇಟರ್ ಕಾರೇ. ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು.

ಈಗಿನ ಕಾರಿನಲ್ಲಿ ಪೆಟ್ರೋಲಿನ ಪ್ರತಿ ಹನಿಯನ್ನೂ ಕಂಪ್ಯೂಟರ್ ಅಳೆದು ಸಿಂಪಡಿಸುತ್ತದೆ. ಹೊಗೆ ನಿಯಂತ್ರಣದ ಬಿ.ಎಸ್. 6 ನಿಯಮ 2020ರ ಏಪ್ರಿಲಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮೇಲಂತೂ ಎಂಜಿನ್ನಿನ ಒಳಗಿನ ವ್ಯವಹಾರ ಇನ್ನಷ್ಟು ಸೂಕ್ಷ್ಮವಾಗಿದೆ. ಹಾಗಾಗಿ ‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಜನ ಬಾನೆಟ್ ಎತ್ತುವುದನ್ನೇ ಬಿಟ್ಟರು. ಇದು ತಪ್ಪು ಕಲ್ಪನೆ. ಎಂಜಿನ್ ಎಷ್ಟೇ ಬದಲಾಗಲಿ. ಗಾಳಿ, ನೀರು, ಎಣ್ಣೆ, ಬ್ಯಾಟರಿ ಇವು ನಾಲ್ಕು ಹಿಂದಿನಂತೆಯೇ ಕಣ್ಣಿಗೆ ಕಾಣುವ ಜಾಗದಲ್ಲೇ ಇವೆ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಸಾಕು.

ಭಾನುವಾರದ ಅರ್ಧ ಗಂಟೆ

ಮೊದಲು ಗಾಳಿ. ಎಷ್ಟು ಒತ್ತಡ ಇರಬೇಕೆಂಬ ಚೀಟಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ತುಂಬಿದ ಕಾರಿಗೆ ಬೇರೆ ಅಂಕಿ ಇರುವುದುಂಟು. ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹಿಗ್ಗಿ ಸುಳ್ಳು ಲೆಕ್ಕ ತೋರಿಸುತ್ತದೆ. ನೈಟ್ರೋಜನ್ ತುಂಬಿಸದಿದ್ದರೆ ಟೈರು ಹಾಳಾದೀತೆಂದು ಹೆದರಬೇಕಿಲ್ಲ. ಮಾಮೂಲಿ ಗಾಳಿಯಲ್ಲೂ ಶೇ 78ರಷ್ಟು ನೈಟ್ರೋಜನ್ನೇ ಇದೆಯೆಂಬುದು ಮಕ್ಕಳ ಪಠ್ಯಪುಸ್ತಕದಲ್ಲೇ ಉಂಟು. ಟೈರಿನ ಸೀಳುಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಸೀಳಿನ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಟೈರಿನ ಜಾತಕ. 2321 ಎಂದಿದ್ದರೆ ಅದು 2021ರ 23ನೇ ವಾರ ಹುಟ್ಟಿದ್ದು. ನಾಲ್ಕು ಚಕ್ರ ನೋಡಿ ಐದನೆಯದನ್ನು ಮರೆಯುವುದು ಸಾಮಾನ್ಯ. ಗಾಳಿಯಿಲ್ಲದ ಸ್ಟೆಪ್ನಿ ಘಾಟಿಯ ನಡುವೆ ಬರೀ ಭಾರ!

ಎರಡನೆಯದು ಎಣ್ಣೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಅಳತೆ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಮುಳುಗಿಸಿ ನೋಡಬೇಕು. ಎರಡು ಗುರುತುಗಳ ನಡುವೆ ಎಣ್ಣೆ ಇದ್ದರೆ ಕ್ಷೇಮ. ಡೀಸೆಲ್ ಕಾರಿನಲ್ಲಿ ಅದು ಬೇಗ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ಎಣ್ಣೆಗೆ ನೀರು ಸೇರಿರುವ ಸಂಶಯ. ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸುವುದು ಲೇಸು. ಮನೆಯಲ್ಲೇ ಎಣ್ಣೆ ಬದಲಿಸುವವರು ಹಳೆಯದನ್ನು ಚರಂಡಿಗಾಗಲೀ ಮಣ್ಣಿಗಾಗಲೀ ಸುರಿಯಬಾರದು. ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಮುಟ್ಟಿಸಬೇಕು.

ಮೂರನೆಯದು ನೀರು, ಅಂದರೆ ಕೂಲೆಂಟ್. ರೇಡಿಯೇಟರಿನ ತತ್ವ ಅಡುಗೆಮನೆಯ ಕುಕ್ಕರಿನದೇ. ಒತ್ತಡ ಹೆಚ್ಚಿದಂತೆ ದ್ರವ ಕುದಿಯುವ ಉಷ್ಣತೆಯೂ ಹೆಚ್ಚುತ್ತದೆ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ; ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೂ ಅದೇ ನಿಯಮ. ಪಕ್ಕದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮಟ್ಟವನ್ನು ಹೊರಗಿನಿಂದಲೇ ನೋಡಬಹುದು. ಕಡಿಮೆಯಾಗಿದ್ದರೆ ಎಂಜಿನ್ ಆರಿದ ಮೇಲೆ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಬಿಸಿನೀರಿನ ಹಂಡೆಯಲ್ಲಿ ಕಟ್ಟುವಂಥ ಬಿಳಿ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಬಹುತೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಎಟುಕದಂತೆ ಇಡಬೇಕು.

ನಾಲ್ಕನೆಯದು ಬ್ಯಾಟರಿ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು ಒರೆಸಬಹುದು. ಆಮ್ಲವನ್ನು ಪ್ರತ್ಯಾಮ್ಲ ತಟಸ್ಥಗೊಳಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ? ಬಿಚ್ಚುವಾಗ ಮೊದಲು ಋಣ ತುದಿ, ಜೋಡಿಸುವಾಗ ಕೊನೆಗೆ ಋಣ ತುದಿ. ಕಾರಿನ ಲೋಹದ ಮೈ ಋಣ ತುದಿಗೆ ಸೇರಿಕೊಂಡಿರುವುದರಿಂದ, ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಗುಲಿದರೆ ಕಿಡಿ ಹಾರುವುದು ಖಂಡಿತ. ಉಂಗುರ, ಬಳೆ ತೆಗೆದಿಟ್ಟು ಕೆಲಸಕ್ಕೆ ಕೂರುವುದು ಜಾಣತನ.

ಇವುಗಳ ಜೊತೆಗೆ ವೈಪರಿನ ರಬ್ಬರು, ಎಂಜಿನ್ನಿನ ಏರ್ ಫಿಲ್ಟರ್ ಮತ್ತು ಏಸಿಯ ಫಿಲ್ಟರ್ ಬದಲಿಸಲು ಬಹಳಷ್ಟು ಕಾರುಗಳಲ್ಲಿ ವಿಶೇಷ ಉಪಕರಣವೇ ಬೇಡ. ಏಸಿ ಫಿಲ್ಟರ್ ಹಲವು ಕಾರುಗಳಲ್ಲಿ ಮುಂದಿನ ಸೀಟಿನ ಎದುರಿನ ಖಾನೆಯ ಹಿಂದೆಯೇ ಇರುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು ಎಂಬುದಷ್ಟೇ ನೆನಪಿರಲಿ.

ದೀಪಗಳ ಭಾಷೆ

ಮೀಟರಿನ ಫಲಕದಲ್ಲಿ ಹೊತ್ತುವ ದೀಪಗಳಿಗೂ ಟ್ರಾಫಿಕ್ ಸಿಗ್ನಲಿನ ಬಣ್ಣಗಳದೇ ಅರ್ಥ. ಕೆಂಪು ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು; ಹಳದಿ ಬಂದರೆ ಬೇಗ ತೋರಿಸಬೇಕು; ಹಸಿರು, ನೀಲಿ ಬರೀ ಮಾಹಿತಿ. ಎಣ್ಣೆ ಕುಡಿಕೆಯ ಕೆಂಪು ಚಿತ್ರ ಹೊತ್ತಿದ ಮೇಲೂ ‘ಇನ್ನೇನು ಊರು ಬಂತು’ ಎಂದು ಓಡಿಸಿದರೆ ಎಂಜಿನ್ನನ್ನೇ ಕಳೆದುಕೊಳ್ಳಬೇಕಾದೀತು.

ಎಂಜಿನ್ ಚಿತ್ರದ ಹಳದಿ ದೀಪದ ಹಿಂದೆ ಕಂಪ್ಯೂಟರ್ ಬರೆದಿಟ್ಟ ಸಂಕೇತವಿರುತ್ತದೆ. ಚಾಲಕನ ಮೊಣಕಾಲಿನ ಮೇಲ್ಭಾಗದಲ್ಲಿರುವ 16 ತಂತುಗಳ ಕಿಂಡಿಗೆ ಸಣ್ಣ ಉಪಕರಣ ಸಿಕ್ಕಿಸಿದರೆ ಅದನ್ನು ಮೊಬೈಲಿನಲ್ಲೇ ಓದಬಹುದು. ಪಿ0301 ಎಂದರೆ ಮೊದಲ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಆದರೆ ಸಂಕೇತ ಹೇಳುವುದು ಜ್ವರ ಎಷ್ಟಿದೆ ಎಂಬುದನ್ನು. ಜ್ವರಕ್ಕೆ ಕಾರಣ ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ ಎಂದು ಪತ್ತೆ ಹಚ್ಚಬೇಕಾದವನು ಮೆಕ್ಯಾನಿಕ್ಕೇ. ಸಂಕೇತ ಗೊತ್ತಿದ್ದವರು ಅವನ ಬಳಿ ವಿವರವಾಗಿ ಮಾತಾಡಬಲ್ಲರು, ಬಿಲ್ಲನ್ನು ಅರ್ಥ ಮಾಡಿಕೊಳ್ಳಬಲ್ಲರು. ಇದೇನು ಸಣ್ಣ ಲಾಭವಲ್ಲ.

ಅಲಂಕಾರದ ಅಪಾಯ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕಾರಿಗೆ ಏನೆಲ್ಲ ತೊಡಿಸಬಹುದೆಂಬುದು ತಿಳಿಯುತ್ತದೆ. ಕಾಲೇಜು ಸೇರಿದ ಮಗನ ಪಟ್ಟಿ ಸಾಮಾನ್ಯವಾಗಿ ಮೂರು: ಕಣ್ಣು ಕೋರೈಸುವ ದೀಪ, ಕಪ್ಪು ಗಾಜು, ಮುಂದೊಂದು ಉಕ್ಕಿನ ಗಾರ್ಡು.

ದೀಪದ ಲೆಕ್ಕವನ್ನೇ ನೋಡೋಣ. ಮೂಲ ಬಲ್ಬು 60 ವಾಟ್. 12 ವೋಲ್ಟಿನಲ್ಲಿ ಅದು ಎಳೆಯುವ ವಿದ್ಯುತ್ 5 ಆಂಪಿಯರ್. ಅದರ ಜಾಗದಲ್ಲಿ 100 ವಾಟಿನದನ್ನು ಹಾಕಿದರೆ 8.3 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣ. ಆದ್ದರಿಂದ ಶಾಖ ಹೆಚ್ಚುವುದು 1.7 ಪಟ್ಟಲ್ಲ, ಸುಮಾರು 2.8 ಪಟ್ಟು! ಫ್ಯೂಸ್ ಹೋಯಿತೆಂದು ಇನ್ನೂ ದಪ್ಪ ಫ್ಯೂಸ್ ಹಾಕಿದರೆ ಆಮೇಲೆ ಕರಗುವುದು ತಂತಿಯ ಹೊದಿಕೆ. ಎದುರಿನಿಂದ ಬರುವವನ ಕಣ್ಣು ಕುಕ್ಕಿ ಅವನು ಪಕ್ಕಕ್ಕೆ ಸರಿದರೆ ಆಗುವ ಅನಾಹುತ ಬೇರೆ.

ಮುಂದಿನ ಮತ್ತು ಹಿಂದಿನ ಗಾಜು ಶೇ 70, ಪಕ್ಕದ ಗಾಜುಗಳು ಶೇ 50ರಷ್ಟಾದರೂ ಬೆಳಕು ಬಿಡಬೇಕೆಂಬುದು ನಿಯಮ. ಕಪ್ಪು ಫಿಲ್ಮುಗಳ ವಿರುದ್ಧ ಸುಪ್ರೀಂ ಕೋರ್ಟ್ 2012ರಲ್ಲೇ ತೀರ್ಪು ಕೊಟ್ಟಿದೆ. ಇನ್ನು ಗಾರ್ಡು. ಕಾರಿನ ಮೂತಿ ಡಿಕ್ಕಿಯಲ್ಲಿ ನುಜ್ಜುಗುಜ್ಜಾಗುವುದು ದೋಷವಲ್ಲ, ಗುಣ. ಅದು ನುಜ್ಜಾಗುತ್ತ ಹೊಡೆತದ ಶಕ್ತಿಯನ್ನು ತಾನು ಕುಡಿದು ಒಳಗಿನವರನ್ನು ಉಳಿಸುತ್ತದೆ. ಏರ್‌ಬ್ಯಾಗ್ ಅರಳಬೇಕಾದ ಕ್ಷಣವನ್ನು ಸಂವೇದಕಗಳು ತೀರ್ಮಾನಿಸುವುದೂ ಇದೇ ಹೊಡೆತದಿಂದ. ಉಕ್ಕಿನ ಗಾರ್ಡು ಈ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ಪಾದಚಾರಿಗಂತೂ ಅದು ಮಾರಕ. ಇವುಗಳ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಕಾನೂನಂತೂ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಮಗನಿಗೆ ಏನಾದರೂ ಕೊಡಿಸಲೇಬೇಕೆ? ಟೈರಿನ ಗಾಳಿ ಅಳೆಯುವ ಗೇಜು, ಗಾಳಿ ತುಂಬುವ ಪುಟ್ಟ ಪಂಪು, ಕತ್ತಲಲ್ಲಿ ಹೊಳೆಯುವ ತ್ರಿಕೋನ ಫಲಕ ಕೊಡಿಸಬಹುದು.

ನೋಡಿ, ಮುಟ್ಟಬೇಡಿ

ಕೆಲವನ್ನು ನೋಡಬೇಕು, ಮುಟ್ಟಬಾರದು. ಬ್ರೇಕ್ ಎಣ್ಣೆಯ ಮಟ್ಟ ಇಳಿದಿದ್ದರೆ ಸುಮ್ಮನೆ ಮೇಲೆ ಸುರಿದು ಸಮಾಧಾನಪಡಬಾರದು. ಪ್ಯಾಡು ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಆ ಎಣ್ಣೆ ವಾತಾವರಣದ ತೇವ ಹೀರುತ್ತದೆ. ಹಳತಾದಂತೆ ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನೇ ಒತ್ತುತ್ತ ಹೋದರೆ ಪೆಡಲು ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದು ಸುಮ್ಮನಲ್ಲ. ಏರ್‌ಬ್ಯಾಗಿನ ಹಳದಿ ತಂತಿಗಳು, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ತರಬೇತಾದವರ ಪಾಲಿಗೇ ಇರಲಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದಂತೂ ಎಂದಿಗೂ ಕೂಡದು.

ಚಕ್ರ ಬದಲಿಸುವುದನ್ನು ಮಾತ್ರ ಮನೆಯ ಅಂಗಳದಲ್ಲೇ ಒಮ್ಮೆ ಅಭ್ಯಾಸ ಮಾಡಬೇಕು. ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸುವುದು ಕ್ರಮ. ಬಿಗಿ ಮಾಡುವಾಗ ಒಂದಾದ ಮೇಲೆ ಅದರ ಎದುರಿನದು. ಇದನ್ನು ಅಮ್ಮನೂ ಮಗಳೂ ಕಲಿತಿದ್ದರೆ ರಾತ್ರಿ ಹೊತ್ತು ದಾರಿಯಲ್ಲಿ ಯಾರಿಗೋ ಕಾಯುತ್ತ ನಿಲ್ಲುವ ಕಷ್ಟವಿಲ್ಲ.

ಮಕ್ಕಳಿಗೊಂದು ಪ್ರಯೋಗ

ಮುಂದಿನ ಭಾನುವಾರ ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಟೈರಿನ ನಾಲ್ಕೂ ಕಡೆಯಿಂದ ಒಂದೊಂದು ಬಿಳಿ ಹಾಳೆಯನ್ನು ಅದು ತಡೆದು ನಿಲ್ಲುವವರೆಗೆ ಅಡಿಗೆ ತೂರಿಸಬಹುದು. ಹಾಳೆಗಳ ನಡುವೆ ಉಳಿಯುವ ಆಯತವೇ ಆ ‘ಅಂಚೆ ಕಾರ್ಡು’. ಅದರ ಉದ್ದ ಅಗಲ ಅಳೆದು, ಗಾಳಿಯ ಒತ್ತಡದಿಂದ ಗುಣಿಸಿ, ನಾಲ್ಕೂ ಚಕ್ರಗಳ ಲೆಕ್ಕ ಕೂಡಿಸಿದರೆ ತಕ್ಕಡಿಯಿಲ್ಲದೆ ಕಾರಿನ ಅಂದಾಜು ತೂಕ ಸಿಗುತ್ತದೆ. ನೋಂದಣಿ ಪತ್ರದಲ್ಲಿರುವ ತೂಕದೊಂದಿಗೆ ಹೋಲಿಸಿದರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಅದು ಏಕೆಂದು ಯೋಚಿಸುವುದೇ ಪಾಠದ ಉಳಿದರ್ಧ.

ಇದನ್ನೆಲ್ಲ ಬರೆದಿಡಲು ಡಿಕ್ಕಿಯಲ್ಲೊಂದು ನೋಟುಬುಕ್ಕು ಇರಲಿ. ತಾರೀಖು, ಓಡಿದ ಕಿಲೋಮೀಟರ್, ಗಾಳಿ, ಎಣ್ಣೆ, ತುಂಬಿಸಿದ ಪೆಟ್ರೋಲ್. ಟ್ಯಾಂಕ್ ತುಂಬಿಸಿ 450 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ತುಂಬಲು 30 ಲೀಟರ್ ಹಿಡಿಸಿದರೆ ಮೈಲೇಜು 15. ಅದು ಇದ್ದಕ್ಕಿದ್ದಂತೆ 13ಕ್ಕೆ ಇಳಿದರೆ ಮೊದಲು ಸಂಶಯಪಡಬೇಕಾದದ್ದು ಟೈರಿನ ಗಾಳಿಯನ್ನು. ಲೆಕ್ಕ ಬರೆಯುವ ಜವಾಬ್ದಾರಿಯನ್ನು ಮಗಳಿಗೋ ಮಗನಿಗೋ ಒಪ್ಪಿಸಿಬಿಟ್ಟರೆ, ಧರ್ಮಸ್ಥಳಕ್ಕೆ ಹೊರಡುವ ನಸುಕಿನಲ್ಲಿ ‘ಅಪ್ಪಾ, ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ನಾಲ್ಕು ಕಡಿಮೆ ಇದೆ’ ಎಂದು ಅವರೇ ಎಚ್ಚರಿಸುತ್ತಾರೆ. ಗಾಳಿ ತುಂಬಿಸಿದ ಮೇಲೆ ನಿಂಬೆಹಣ್ಣು ಇಡಲು ಯಾರದೇನೂ ಅಡ್ಡಿಯಿಲ್ಲ.